ಹೊರಗೆ ಕೂರುವ ಕೋಣೆ

ಸೂರತ್ತಿನಲ್ಲಿ ತಮ್ಮನ ಮಗಳ ಮದುವೆ ಮುಗಿಸಿ ವಡೋದರಕ್ಕೆ ಮರಳಿದ ರಘುರಾಮರು ಆಟೋದಿಂದ ಇಳಿಯುವಾಗಲೇ ಕೆಮ್ಮುತ್ತಿದ್ದರು. ಗಾಳಿಪಟದ ಹಬ್ಬ ಉತ್ತರಾಯಣ ಕಳೆದು ಹೆಚ್ಚು ದಿನವಾಗಿರಲಿಲ್ಲ. ಫತೇಗಂಜಿನ ಓಣಿಯ ಕರೆಂಟು ತಂತಿಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದವು. ಕೆಳಗೆ ಅವರ ಹೋಟೆಲು, ಮೇಲೆ ಮನೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಂಡರು.

"ಎಂತ ಆಯ್ತು? ಮುಖ ಎಲ್ಲ ಕೆಂಪಾಗಿದೆ," ಎಂದು ಗಿರಿಜಾ ಗಂಡನ ಕೈಯಿಂದ ಚೀಲ ತೆಗೆದುಕೊಂಡರು.

"ಎಂತದೂ ಇಲ್ಲ. ಮದುವೆಯಲ್ಲಿ ಐಸ್‌ಕ್ರೀಮು ತಿಂದದ್ದು. ಅಲ್ಲಿ ಅರ್ಧ ಜನಕ್ಕೆ ಹೀಗೇ ಉಂಟು."

ಚಪ್ಪಲಿ ಬಿಟ್ಟವರೇ ಅವರು ಅಮ್ಮನ ಕೋಣೆಗೆ ಹೋದರು. ಎಂಬತ್ತು ದಾಟಿದ ರುಕ್ಮಿಣಿಯಮ್ಮನಿಗೆ ಚಳಿಗಾಲ ಅಂದರೆ ಉಬ್ಬಸದ ಕಾಲ. ಕಿಟಕಿ ಮುಚ್ಚಿ, ತಲೆಗೆ ಶಾಲು ಸುತ್ತಿ ಮಂಚದ ಮೇಲೆ ಕೂತಿರುತ್ತಿದ್ದರು. ಮಗ ಪಕ್ಕದಲ್ಲಿ ಕೂತು ಮದುವೆಯ ಸುದ್ದಿಯೆಲ್ಲ ಹೇಳಿದರು. ತಂದಿದ್ದ ಸೂರತ್ತಿನ ಸಿಹಿ ಘಾರಿಯನ್ನು ಮುರಿದು ಅಮ್ಮನ ಬಾಯಿಗಿಟ್ಟರು. ಮಾರನೆಯ ಬೆಳಿಗ್ಗೆ ಎಂದಿನಂತೆ ತಮ್ಮ ಕಾಫಿಯನ್ನು ಆರಿಸಿ, ಒಂದು ಗುಟುಕು ಕುಡಿದು ಬಿಸಿ ನೋಡಿ, ಅರ್ಧ ಅಮ್ಮನಿಗೆ ಕೊಟ್ಟರು. ಅಪ್ಪ ತೀರಿಕೊಂಡಾಗಿನಿಂದ ಆ ಮನೆಯ ಬೆಳಗು ಶುರುವಾಗುತ್ತಿದ್ದದ್ದೇ ಹಾಗೆ.

ಸಂಜೆ ಊಟಕ್ಕೆ ಕೂತಾಗ ಕೆಮ್ಮು ಜೋರಾಯಿತು. ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿ, ಅದೇ ಕೈಯಲ್ಲಿ ಸಾರಿನ ಸೌಟು ಹಿಡಿದು ಮೊಮ್ಮಗಳು ದಿವ್ಯಾಳ ತಟ್ಟೆಗೆ ಬಡಿಸಲು ಹೋದರು. ಸೊಸೆ ಶ್ವೇತಾ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮಾವ, ಕೈ ತೊಳ್ಕೊಂಡು ಬನ್ನಿ."

ಶ್ವೇತಾ ಹಾಸನದವಳು ಅನ್ನುವುದು ಹೆಸರಿಗೆ. ಅಪ್ಪ ರೈಲ್ವೆಯಲ್ಲಿದ್ದುದರಿಂದ ಬೆಳೆದದ್ದೆಲ್ಲ ಇದೇ ಊರಿನಲ್ಲಿ. ಅಲ್ಕಾಪುರಿಯ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಆ ವಾರ ಅವಳ ಕಚೇರಿಯಲ್ಲಿ ಅರ್ಧ ಕುರ್ಚಿಗಳು ಖಾಲಿಯಿದ್ದವು.

"ನಮ್ಮ ಆಫೀಸಲ್ಲಿ ಒಬ್ಬರಿಗೆ ಶುರುವಾಗಿದ್ದು, ಈಗ ಸಾಲಾಗಿ ಎಲ್ಲರೂ ಮಲಗಿದಾರೆ. ಫ್ಲೂ. ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು.

"ಈ ಹೋಟೆಲು ನಡೆಸಲಿಕ್ಕೆ ಶುರು ಮಾಡಿದ ಮೇಲೆ ನಾನು ಶೀತಕ್ಕೆ ಡಾಕ್ಟ್ರ ಹತ್ರ ಹೋದದ್ದಿಲ್ಲ."

"ಹೋಗಿ ಬನ್ನಿ, ಎಂತ ಖರ್ಚು ಅದು," ಎಂದರು ಗಿರಿಜಾ.

ಮಗ ಸುಧೀರ್ ತಟ್ಟೆಯತ್ತ ಬಗ್ಗಿದ. ಅಪ್ಪ ಮತ್ತು ಹೆಂಡತಿ ಮಾತಾಡುವಾಗ ಅವನು ಸಾಧಾರಣವಾಗಿ ಅನ್ನ ಕಲಸುತ್ತಿದ್ದ.

ಮರುದಿನ ಬೆಳಿಗ್ಗೆ ಶ್ವೇತಾ ಕರೆದೊಯ್ದಾಗ ಡಾಕ್ಟರು ಮೂಗಿನ ದ್ರವ ತೆಗೆದು ಪರೀಕ್ಷೆ ಮಾಡಿಸಿದರು. ಫ್ಲೂ ಎಂದೇ ಬಂತು. ಕೆಮ್ಮಿದಾಗ, ಸೀನಿದಾಗ, ಹತ್ತಿರ ಕೂತು ಮಾತಾಡಿದಾಗ ಬಾಯಿಂದ ಹಾರುವ ಹನಿಗಳಲ್ಲೇ ಇದು ಹೋಗುತ್ತದೆ. ಜ್ವರ ಕಾಣುವ ಹಿಂದಿನ ದಿನದಿಂದಲೇ ಅಂಟಲು ಶುರುವಾಗಿರುತ್ತದೆ ಎಂದು ಅವರು ಹೇಳಿದರು. ಒಂದೇ ಕೋಣೆಯಲ್ಲಿರಿ, ಕಿಟಕಿ ತೆರೆದಿಡಿ, ಮಾಸ್ಕ್ ಹಾಕಿ, ತಟ್ಟೆ ಲೋಟ ಬೇರೆ ಇರಲಿ. ಮಾತ್ರೆ ತೆಗೆದುಕೊಳ್ಳದೆ ಒಂದು ಪೂರ್ತಿ ದಿನ ಜ್ವರ ಬಾರದೆ ಇದ್ದರೆ ಮಾತ್ರ ಹೊರಗೆ ಬನ್ನಿ.

"ಮನೇಲಿ ವಯಸ್ಸಾದವರು ಇದಾರಾ?" ಎಂದು ಕೇಳಿದರು.

"ಅಜ್ಜಿ ಇದಾರೆ. ಉಬ್ಬಸ ಇದೆ," ಎಂದಳು ಶ್ವೇತಾ.

"ಅವರಿಂದ ದೂರ ಇರಿ. ಅವರಿಗೆ ಈ ವರ್ಷದ ಚುಚ್ಚುಮದ್ದು ಆಗಿದೆಯಾ?"

ಆಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಶ್ವೇತಾ ಹೇಳಿದ್ದಳು. ಚಳಿ ಬರಲಿ ನೋಡುವ ಎಂದಿದ್ದರು ರಘುರಾಮರು.

ಡಾಕ್ಟರ ಎದುರು ಎಲ್ಲದಕ್ಕೂ ತಲೆಯಾಡಿಸಿದ ಮಾವ, ಮನೆಗೆ ಬಂದು ಜ್ವರದ ಮಾತ್ರೆ ನುಂಗಿ, ಬೆವರಿ, ಸ್ನಾನ ಮಾಡಿ ಹೋಟೆಲಿಗೆ ಇಳಿದರು. ಶ್ವೇತಾ ಕಚೇರಿಯಿಂದ ಬಂದಾಗ ಗಲ್ಲಾದಲ್ಲಿ ಮಫ್ಲರು ಸುತ್ತಿಕೊಂಡು ಚಿಲ್ಲರೆ ಕೊಡುತ್ತಿದ್ದರು. ಹಾಸ್ಟೆಲಿನ ಹುಡುಗಿಯರು ಸಾಲಾಗಿ ನಿಂತಿದ್ದರು.

ಅವಳು ನೇರ ಮೇಲೆ ಬಂದು ಕೈಕಾಲು ತೊಳೆದು, ದಿವ್ಯಾಳಿಗೆ ಥೇಪ್ಲಾ ರೊಟ್ಟಿ ಬಿಸಿ ಮಾಡಿ ಕೊಟ್ಟು, ಮಾವ ಬರುವವರೆಗೆ ಕಾದಳು.

"ಮಾವ, ರೂಮಲ್ಲಿ ಇರ್ತೀನಿ ಅಂದಿದ್ರಿ."

"ಜ್ವರ ಇಳಿದಿದೆಯಲ್ಲ."

"ಮಾತ್ರೆಯಿಂದ ಇಳಿದಿದೆ. ಈಗ ಎಲ್ಲಿಗೆ ಹೊರಟ್ರಿ?"

"ಅಮ್ಮನ್ನ ನೋಡ್ಲಿಕ್ಕೆ. ಅದಕ್ಕೂ ನಿನ್ನ ಕೇಳಬೇಕಾ?"

ಗಿರಿಜಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಸುಧೀರ್ ಟೀವಿಯ ಸದ್ದು ತಗ್ಗಿಸಿದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಶ್ವೇತಾ. "ನಾನು ಮದುವೆಯಾಗಿ ಬಂದ ಹೊಸದರಲ್ಲಿ ತಿಂಗಳು ತಿಂಗಳು ನನ್ನನ್ನ ಆ ಹಿಂದಿನ ರೂಮಲ್ಲಿ ಕೂರಿಸ್ತಿದ್ರಿ. ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ನೀರು ಬೇಕಾದ್ರೆ ಅತ್ತೆ ಮೇಲಿಂದ ಹೊಯ್ಯೋರು. ಆ ಮೂರು ದಿನ ನನ್ನಿಂದ ಈ ಮನೇಲಿ ಯಾರಿಗಾದ್ರೂ ಏನಾದ್ರೂ ಅಂಟ್ತಾ?"

ದಿವ್ಯಾ ಹುಟ್ಟಿದ ಮೇಲೆ ಶ್ವೇತಾ ಆ ಕೋಣೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು, ಅದು ನಿಂತಿತ್ತು. ನಿಂತ ಮೇಲೆ ಅದರ ಮಾತನ್ನು ಯಾರೂ ಎತ್ತಿರಲಿಲ್ಲ.

"ಅಂಟದೇ ಇರೋದಕ್ಕೆ ಅಷ್ಟು ದೂರ ಇಡೋಕೆ ನಿಮಗೆಲ್ಲ ಬರುತ್ತೆ. ಇದು ನಿಜವಾಗ್ಲೂ ಅಂಟೋದು. ಇದಕ್ಕೆ ನಾಲ್ಕು ದಿನ ದೂರ ಕೂರೋಕೆ ಆಗಲ್ವಾ?"

"ಅದು ಶಾಸ್ತ್ರ, ಇದು ಶೀತ. ಎರಡನ್ನೂ ಒಟ್ಟಿಗೆ ಕಟ್ಟಬೇಡ," ಎಂದರು ರಘುರಾಮರು. ಕೆಮ್ಮು ಬಂದು ಮಾತು ನಿಂತಿತು.

"ಶ್ವೇತಾ, ಸಾಕು ಬಿಡು," ಎಂದ ಸುಧೀರ್.

"ಸಾಕು ಅಂತ ಅಪ್ಪಂಗೆ ಹೇಳು ಒಂದ್ಸಲ."

ಒಳಗಿನಿಂದ ರುಕ್ಮಿಣಿಯಮ್ಮನ ಧ್ವನಿ ಬಂತು. "ಎಂತ ಗಲಾಟೆ ಅದು? ರಘು ಬಂದನಾ?"

"ಬಂದೆ ಅಮ್ಮ," ಎಂದು ರಘುರಾಮರು ಒಳಗೆ ಹೋದರು. ಶ್ವೇತಾ ದಿವ್ಯಾಳನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾರು ಒಲೆಯ ಮೇಲೆ ಉಕ್ಕಿತು.

ಗಿರಿಜಾ ಮರುದಿನ ಬೆಳಿಗ್ಗೆ ಎದ್ದವರು ಮೊದಲು ಆ ಹಿಂದಿನ ಕೋಣೆಯ ಬಾಗಿಲು ತೆಗೆದರು. ಅಡುಗೆಮನೆಯ ಹಿಂದಿನ ಬಾಲ್ಕನಿಗೆ ತಗಡು, ಗಾಜು ಹಾಕಿಸಿ ಮಾಡಿದ ಕೋಣೆ ಅದು. ಈಗ ಅಕ್ಕಿಚೀಲ, ಹಳೆಯ ಸೈಕಲ್ಲು, ಒಡೆದ ಮಿಕ್ಸಿ ಇದ್ದವು. ಎಲ್ಲವನ್ನೂ ಹೊರಗೆ ಎಳೆದು ಗುಡಿಸಿದರು. ಕಿಟಕಿಯ ಗಾಜು ಸರಿಸಿ, ಮಡಚುವ ಮಂಚ ಹಾಕಿ, ಎರಡು ಕಂಬಳಿ ಇಟ್ಟರು. ಆಮೇಲೆ ಅತ್ತೆಗೆ ಬೇರೆಯೇ ಲೋಟದಲ್ಲಿ ಕಾಫಿ ಕೊಟ್ಟು ಬಂದು, ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತುಕೊಂಡರು.

ರಘುರಾಮರು ತಮ್ಮ ಲೋಟ ಹಿಡಿದು ಬಂದರು.

"ಅಲ್ಲೇ ನಿಲ್ಲಿ," ಎಂದರು ಗಿರಿಜಾ.

"ಎಂತ?"

"ಒಳಗೆ ಹೋಗುದು ಬೇಡ. ಅತ್ತೆಗೆ ಕಾಫಿ ಕೊಟ್ಟಾಯ್ತು. ನಿಮಗೆ ಹಿಂದಿನ ಕೋಣೆಯಲ್ಲಿ ಹಾಸಿದ್ದೇನೆ."

ರಘುರಾಮರು ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷಗಳಲ್ಲಿ ಅವರ ದಾರಿಗೆ ಅಡ್ಡ ನಿಂತವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

"ಹೆಂಗಸರು ಕೂರುವ ಕೋಣೆಯಲ್ಲಿ ನಾನು ಕೂರುದಾ?"

"ಗಾಳಿ ಬರ್ತದೆ ಅಲ್ಲಿ. ಡಾಕ್ಟ್ರು ಹೇಳಿದ್ದು ಗಾಳಿ ಬರುವ ಕೋಣೆ."

"ಅವಳು ಹೇಳಿಕೊಟ್ಟದ್ದು ಇದೆಲ್ಲ."

"ಯಾರು ಹೇಳಿಕೊಟ್ಟರೆ ಎಂತ? ಅತ್ತೆಯ ಎದೆ ನಿಮಗೆ ಗೊತ್ತುಂಟಲ್ಲ."

"ನನ್ನ ಅಮ್ಮ ಅವರು, ಗಿರಿಜಾ."

"ಅವರ ಮೈ ತೊಳೆಯುದು, ಉಣ್ಣಿಸುದು ನಾನು. ಹೆಚ್ಚುಕಡಿಮೆ ಆದ್ರೆ ಕೂತು ನೋಡ್ಬೇಕಾದ್ದೂ ನಾನು. ಬಿಡುದಿಲ್ಲ."

ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೆಯೇ ನಿಂತರು. ರಘುರಾಮರು ಲೋಟವನ್ನು ಊಟದ ಮೇಜಿನ ಮೇಲೆ ಕುಕ್ಕಿ, ಅಂಗಿ ಹಾಕಿಕೊಂಡು ಕೆಳಗೆ ಇಳಿದರು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಗಿರಿಜಾ ಕಳಿಸಿದ ಕ್ಯಾರಿಯರು ಹಾಗೆಯೇ ವಾಪಸು ಬಂತು. ಅತ್ತ ರುಕ್ಮಿಣಿಯಮ್ಮ ಸೊಸೆಯ ಕೈಯ ಅನ್ನವನ್ನು ದೂರ ತಳ್ಳಿದರು.

"ಮಗನನ್ನು ನನ್ನ ಹತ್ರ ಬಿಡುದಿಲ್ಲ ಅಂತ ನಿಂತಿದ್ದಿಯಂತೆ. ಎಲ್ಲ ಕೇಳಿಸ್ತದೆ ನನಗೆ."

"ಅವರಿಗೆ ಅಂಟುಜ್ವರ ಅತ್ತೆ. ನಿಮಗೆ ಬರಬಾರದು ಅಂತ."

"ನನಗೆ ಬಂದ್ರೆ ನಾನು ಸಾಯ್ತೇನೆ. ನಿನಗೆಂತ ಕಷ್ಟ?"

ಗಿರಿಜಾ ತಟ್ಟೆಯನ್ನು ಸ್ಟೂಲಿನ ಮೇಲೆ ಮುಚ್ಚಿಟ್ಟು ಬಂದರು. ಸಂಜೆ ನೋಡಿದಾಗ ಅನ್ನ ಅಲ್ಲೇ ಇತ್ತು, ಮೊಸರು ಮಾತ್ರ ಖಾಲಿಯಾಗಿತ್ತು.

ಕೆಳಗೆ ಹೋಟೆಲಿನಲ್ಲೂ ನೆಮ್ಮದಿಯಿರಲಿಲ್ಲ. ದಿನಾ ಬರುವ ಪ್ರೊಫೆಸರೊಬ್ಬರು ಗಲ್ಲಾದ ಹತ್ತಿರದ ತಮ್ಮ ಮೇಜು ಬಿಟ್ಟು ಬಾಗಿಲ ಬಳಿ ಹೋಗಿ ಕೂತರು. "ಕಾಕಾ, ತಬಿಯತ್ ಸಾರಿ ನಥೀ? ಘರೇ ಜಾವ್," ಎಂದು ಒಬ್ಬ ಹುಡುಗಿ ದೂರದಿಂದಲೇ ಹೇಳಿ, ದುಡ್ಡನ್ನು ಮೊಬೈಲಿನಲ್ಲಿ ಕಳಿಸಿ ಹೋದಳು. ಮೈ ಸರಿಯಿಲ್ಲ, ಮನೆಗೆ ಹೋಗಿ ಎಂದು ಗಿರಾಕಿ ಹೇಳುವುದನ್ನು ಸುಧೀರ್ ಕೇಳಿಸಿಕೊಂಡ. ಅಪ್ಪನ ಹತ್ತಿರ ಬಂದು ನಿಂತ. ನಿಂತವನು ಇಡ್ಲಿ ಹಿಟ್ಟಿನ ವಿಷಯ ಏನೋ ಕೇಳಿ ಒಳಗೆ ಹೋದ.

ಆ ಸಂಜೆ ಶಾಲೆಯಿಂದ ಬಂದ ದಿವ್ಯಾ ಬ್ಯಾಗನ್ನು ಮೆಟ್ಟಿಲಲ್ಲೇ ಬಿಟ್ಟು ಸೋಫಾದಲ್ಲಿ ಮಲಗಿಬಿಟ್ಟಳು. ಹಣೆ ಸುಡುತ್ತಿತ್ತು. "ಮಮ್ಮಿ, ಪೂರಾ ಬಾಡಿ ದುಖೇ ಛೇ," ಎಂದು ಮೈಕೈ ನೋವಿಗೆ ಅಳತೊಡಗಿದಳು. ಜ್ವರ ಶಾಲೆಯಿಂದ ಬಂದದ್ದೋ ಮನೆಯಲ್ಲೇ ಅಂಟಿದ್ದೋ ಯಾರು ಹೇಳಬೇಕು? ಶ್ವೇತಾ ಮಗಳನ್ನು ಎತ್ತಿಕೊಂಡು ಕೆಳಗೆ ಇಳಿದು, ಗಲ್ಲಾದ ಎದುರಿನಿಂದಲೇ ಹಾದು, ಆಟೋ ಹತ್ತಿ ಡಾಕ್ಟರಲ್ಲಿಗೆ ಹೋದಳು. ಅಮ್ಮನ ಹೆಗಲ ಮೇಲೆ ತಲೆ ಜೋತುಬಿದ್ದಿದ್ದ ದಿವ್ಯಾ ಅಜ್ಜನನ್ನು ನೋಡಿದರೂ ಕೈ ಬೀಸಲಿಲ್ಲ.

ರಘುರಾಮರು ಗಲ್ಲಾದಿಂದ ಎದ್ದರು. "ಸುಧೀರಾ, ಇಲ್ಲಿ ಕೂತ್ಕೋ," ಎಂದರು. ಮೇಲೆ ಬಂದು ಅಮ್ಮನ ಕೋಣೆಯ ಕಡೆಗೆ ನೋಡದೆ ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ರಾತ್ರಿ ಗಿರಿಜಾ ಮಾಸ್ಕ್ ಹಾಕಿಕೊಂಡು ಹೊಸ್ತಿಲಲ್ಲಿ ಗಂಜಿ, ಸುಟ್ಟ ಹಪ್ಪಳ ಇಟ್ಟರು.

"ಮಗುವಿಗೆ ಹೇಗುಂಟು?" ಎಂದು ಒಳಗಿನಿಂದ ಕೇಳಿದರು.

"ಔಷಧಿ ಕೊಟ್ಟಿದ್ದಾರೆ. ಮಲಗಿದ್ದಾಳೆ."

"ನನ್ನಿಂದಲೇ ಬಂದದ್ದು ಅಂತಾಳಾ ಶ್ವೇತಾ?"

"ಅವಳು ಎಂತದೂ ಹೇಳ್ಲಿಲ್ಲ. ಊಟ ಮಾಡಿ."

ಮನೆಯಲ್ಲಿ ಎರಡು ಬಾಗಿಲು ಮುಚ್ಚಿದವು. ಒಂದರೊಳಗೆ ಮಾವ, ಇನ್ನೊಂದರೊಳಗೆ ತಾಯಿ ಮಗಳು. ಸುಧೀರ್ ಹೋಟೆಲಿನ ಬೆಂಚಿನ ಮೇಲೆ ಮಲಗತೊಡಗಿದ. ಗಿರಿಜಾ ಒಂದು ಬಾಗಿಲಿಗೆ ಗಂಜಿ, ಇನ್ನೊಂದಕ್ಕೆ ಮೆತ್ತಗಿನ ಅನ್ನ, ಅತ್ತೆಗೆ ಬಿಸಿನೀರು ಎಂದು ಇಡೀ ದಿನ ಓಡಾಡಿದರು. ಪ್ರತಿ ಸಲ ಸೋಪು ಹಾಕಿ ತೊಳೆದು ತೊಳೆದು ಬೆರಳ ಸಂದುಗಳು ಒಡೆದವು. ಅಹ್ಮದಾಬಾದಿನ ಚಾಂದ್‌ಖೇಡಾದಿಂದ ಮಗಳು ಸೌಮ್ಯಾ ಫೋನ್ ಮಾಡಿ, "ಅಜ್ಜಿಯನ್ನು ಇಲ್ಲಿಗೆ ಕಳಿಸಿ," ಎಂದಳು.

"ಈಗ ಕಳಿಸಿದ್ರೆ ಜ್ವರವನ್ನೂ ಅಲ್ಲಿಗೆ ಕಳಿಸಿದ ಹಾಗೆ. ಅವರಿಗೆ ಕಾಣಿಸಿಕೊಳ್ಳದೆಯೂ ಇರಬಹುದು. ನೋಡುವ," ಎಂದರು ಗಿರಿಜಾ.

ಕಾಣಿಸಿಕೊಂಡಿತು. ಒಂದು ಬೆಳಿಗ್ಗೆ ರುಕ್ಮಿಣಿಯಮ್ಮ ಸೊಸೆಯನ್ನು ಬೈಯಲಿಲ್ಲ. ಗಿರಿಜಾಗೆ ಅಲ್ಲೇ ಗೊತ್ತಾಯಿತು. ಮುಟ್ಟಿ ನೋಡಿದರೆ ಜ್ವರ. ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು.

"ಕಾಯುದು ಬೇಡ. ಈಗಲೇ ಹೊರಡುವ," ಎಂದರು ಗಿರಿಜಾ.

ಸುಧೀರ್ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುವಾಗ ರಘುರಾಮರು ಹಿಂದಿನ ಕೋಣೆಯ ಬಾಗಿಲು ತೆಗೆದು ನಿಂತರು. ಎರಡು ಹೆಜ್ಜೆ ಮುಂದೆ ಬಂದವರು ತಾವೇ ಹಿಂದೆ ಸರಿದರು.

"ರಘು ಎಲ್ಲಿ?" ಎಂದು ರುಕ್ಮಿಣಿಯಮ್ಮ ಕೇಳಿದ್ದು ಅವರಿಗೆ ಕೇಳಿಸಿತು. ಉತ್ತರ ಕೊಡಲು ಬಾಯಿ ತೆಗೆದರು, ಕೆಮ್ಮು ಬಂತು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಲು ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಜ್ವರ ಶುರುವಾದ ದಿನವೇ ಕರೆತಂದದ್ದು ಒಳ್ಳೆಯದಾಯಿತು, ಈ ಔಷಧಿ ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತದೆ ಎಂದರು ಅಲ್ಲಿನ ಡಾಕ್ಟರು. ಆದರೆ ವಯಸ್ಸು, ಎದೆ ಎರಡನ್ನೂ ನೋಡಿದರೆ ಈಗಲೇ ಏನೂ ಹೇಳಲಾಗದು ಎಂದರು. ಗಿರಿಜಾ ಅಲ್ಲಿಯೇ ಉಳಿದರು. ಸ್ವಲ್ಪ ದಿನಕ್ಕೆ ಅವರಿಗೇ ಚಳಿ ಹತ್ತಿತು. ನರ್ಸು ಥರ್ಮಾಮೀಟರು ನೋಡಿ, ಮನೆಗೆ ಹೋಗಿ, ಬೇರೆ ಯಾರನ್ನಾದರೂ ಕಳಿಸಿ ಎಂದಳು.

ಹೋಟೆಲು ಬಿಟ್ಟು ಸುಧೀರನಿಗೆ ಬರಲಾಗುವಂತಿರಲಿಲ್ಲ. ದಿವ್ಯಾ ಅಷ್ಟರಲ್ಲಿ ಗುಣವಾಗಿದ್ದಳು. ಶ್ವೇತಾ ರಜೆ ಬರೆದು ಆಸ್ಪತ್ರೆಗೆ ಬಂದಳು. ಅತ್ತೆ ಸೊಸೆ ಕಾರಿಡಾರಿನಲ್ಲಿ ದೂರದಲ್ಲಿ ನಿಂತು ಮಾತಾಡಿದರು.

"ಅವರು ನಿನ್ನ ಕೈಯಿಂದ ನೀರು ಕುಡಿಯುದು ಕಷ್ಟ," ಎಂದರು ಗಿರಿಜಾ.

"ನೋಡ್ತೀನಿ ಅತ್ತೆ. ನೀವು ಹೋಗಿ ಮಲಗಿ. ಮಾವ ಆಚೆ ಬಂದಿದಾರೆ, ಜ್ವರ ಬಿಟ್ಟು ಎರಡು ದಿನ ಆಯ್ತು. ಆ ರೂಮಲ್ಲಿ ಬೆಡ್‌ಶೀಟ್ ಬದಲಾಯಿಸಿದೀನಿ."

ರುಕ್ಮಿಣಿಯಮ್ಮ ಕಣ್ಣು ಬಿಟ್ಟಾಗ ಮಾಸ್ಕ್ ಹಾಕಿಕೊಂಡ ಶ್ವೇತಾ ಚಮಚದಲ್ಲಿ ನೀರು ಹಿಡಿದಿದ್ದಳು. ಮುದುಕಿ ಮುಖ ತಿರುಗಿಸಿದರು. ಆಮ್ಲಜನಕದ ನಳಿಕೆಯ ನಡುವೆಯೇ, "ಸ್ನಾನ ಆಗಿದೆಯಾ?" ಎಂದರು.

ಬೆಳಿಗ್ಗೆ ಎದ್ದವಳೇ ದಿವ್ಯಾಳಿಗೆ ಡಬ್ಬಿ ಕಟ್ಟಿ ಓಡಿಬಂದವಳಿಗೆ ಮುಖ ತೊಳೆಯಲೂ ಸರಿಯಾಗಿ ಹೊತ್ತಿರಲಿಲ್ಲ.

"ಆಗಿದೆ ಅಜ್ಜಿ," ಎಂದಳು.

ರುಕ್ಮಿಣಿಯಮ್ಮ ನೀರು ಕುಡಿದರು. ಮತ್ತೆ ಬಾಯಿ ತೆರೆದರು. ಶ್ವೇತಾ ಇನ್ನೊಂದು ಚಮಚ ಹಾಕಿದಳು. ಅಂದಿನಿಂದ ಪ್ರತಿ ಬೆಳಿಗ್ಗೆ ಅದೇ ಪ್ರಶ್ನೆ, ಅದೇ ಉತ್ತರ. ಆಸ್ಪತ್ರೆ ಸೇರಿದ ಎಂಟು ಹತ್ತು ದಿನದಲ್ಲಿ ನಳಿಕೆ ತೆಗೆದರು. ಮುದುಕಿ ತುಂಬ ಸೋತಿದ್ದರು. ಎದ್ದು ಕೂರಲು ಇಬ್ಬರು ಬೇಕಿತ್ತು. ಆದರೂ ಆಸ್ಪತ್ರೆಯ ಖಿಚಡಿಗೆ ಉಪ್ಪಿಲ್ಲ ಎಂದು ಜಗಳ ಮಾಡುವಷ್ಟು ಗಂಟಲು ಬಂದಿತ್ತು.

ಇತ್ತ ಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಗಿರಿಜಾ ಮಲಗಿದ್ದರು. ಜ್ವರ ಅವರನ್ನು ಹಿಂಡಿತು. ಮೈಕೈ ನೋವಿಗೆ ಮಗ್ಗುಲು ತಿರುಗಲಾಗುತ್ತಿರಲಿಲ್ಲ. ರಘುರಾಮರು ಅಡುಗೆಮನೆಯಲ್ಲಿ ತಡಕಾಡಿದರು. ಹೋಟೆಲಿಗೆ ಬೇಕಾದ ಬೇಳೆ ಅಕ್ಕಿಯನ್ನು ಸಗಟು ಮಂಡಿಯಲ್ಲಿ ಮುಟ್ಟಿ ಆರಿಸಬಲ್ಲವರಿಗೆ ತಮ್ಮ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕೆಳಗಿನಿಂದ ಇಡ್ಲಿ ತಂದಿಟ್ಟರು; ಗಿರಿಜಾಗೆ ಸೇರಲಿಲ್ಲ. ಕೊನೆಗೆ ಬಾಗಿಲಾಚೆಯಿಂದ ಕೇಳಿ ಕೇಳಿ ಕುಚ್ಚಲಕ್ಕಿ ಗಂಜಿ ಮಾಡಲು ಕಲಿತರು. ಮೊದಲ ದಿನ ಅದು ಅನ್ನವಾಗಿತ್ತು, ಎರಡನೆಯ ದಿನ ನೀರಾಗಿತ್ತು.

ರುಕ್ಮಿಣಿಯಮ್ಮನನ್ನು ಮರುದಿನ ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯಿಂದ ಶ್ವೇತಾ ಫೋನ್ ಮಾಡಿದ ಮಧ್ಯಾಹ್ನ, ರಘುರಾಮರು ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿದರು. ಗಿರಿಜಾ ಎದ್ದು ಕೂತಿದ್ದರು. ತಲೆ ಬಾಚಿಕೊಂಡಿದ್ದರು.

"ಜ್ವರ ಹೇಗುಂಟು?"

"ನಿನ್ನೆಯೇ ಬಿಟ್ಟಿದೆ."

"ಮಾತ್ರೆ ಇಲ್ಲದೆಯಾ?"

"ಇಲ್ಲದೆ."

"ಹಾಗಾದ್ರೆ ಹೊರಗೆ ಬರಬಹುದಲ್ಲ," ರಘುರಾಮರ ಧ್ವನಿ ಹಗುರಾಯಿತು. "ಅಮ್ಮ ನಾಳೆ ಬರ್ತಾರೆ. ಕೋಣೆ ಒರೆಸಬೇಕು. ದಿವ್ಯಾ ಶಾಲೆಯಿಂದ ಬರುವ ಹೊತ್ತಾಯ್ತು."

"ಬರಬಹುದು," ಎಂದರು ಗಿರಿಜಾ. ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದರು. "ಇವತ್ತು ಬರುದಿಲ್ಲ. ನಾಳೆ ನೋಡುವ."

"ಯಾಕೆ? ಸುಸ್ತುಂಟಾ?"

"ಸುಸ್ತಿಲ್ಲ."

"ಮತ್ತೆ? ಈ ಚಳಿಯಲ್ಲಿ, ಈ ತಗಡಿನ ಕೆಳಗೆ ನೀನು ಹೇಗೆ ಕೂರ್ತಿ ಮಾರಾಯ್ತಿ? ನನಗೆ ನಾಲ್ಕು ದಿನಕ್ಕೆ ತಲೆ ಕೆಟ್ಟು ಹೋಯ್ತು. ಆಚೆ ಎಲ್ಲರೂ ಮಾತಾಡುದು ಕೇಳ್ತದೆ, ನನ್ನನ್ನು ಯಾರೂ ಕರೆಯುದಿಲ್ಲ."

ಗಿರಿಜಾ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡರು.

"ನನಗೂ ಮೊದಮೊದಲು ಹಾಗೇ ಆಗ್ತಿತ್ತು. ಗೋಡೆ ಕಡೆ ತಿರುಗಿ ಅಳ್ತಿದ್ದೆ. ನಿಮಗೆಲ್ಲ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಮಕ್ಕಳು, ಹೋಟೆಲಿನ ಹಿಟ್ಟು ರುಬ್ಬುದು, ಅತ್ತೆ, ಎಲ್ಲ ಶುರುವಾಯ್ತಲ್ಲ. ಆಗ ತಿಂಗಳಿಡೀ ಗಿರಿಜಾ ಗಿರಿಜಾ ಅಂತ ಯಾರೂ ಕೂಗದೆ ಇದ್ದದ್ದು ಆ ಮೂರು ದಿನ ಮಾತ್ರ." ಒಂದು ಗುಟುಕು ಕುಡಿದರು. "ಒಳ್ಳೆಯದು ಅಂತ ಹೇಳುದಲ್ಲ. ಶ್ವೇತಾ ಹೇಳಿದ್ದು ಸರಿಯೇ. ಅವಳನ್ನು ಇಲ್ಲಿ ಕೂರಿಸಬಾರದಿತ್ತು. ಆದ್ರೆ ಇವತ್ತು ನನಗೆ ಎದ್ದು ಬರ್ಲಿಕ್ಕೆ ಮನಸ್ಸಿಲ್ಲ."

ರಘುರಾಮರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

"ಬೇಳೆ ಇಟ್ಟಿದ್ದೇನೆ," ಎಂದರು. "ಎಷ್ಟು ಸಲ ಕೂಗಿದ ಮೇಲೆ ಆರಿಸುದು?"

ಗಿರಿಜಾ ಕಂಬಳಿಯನ್ನು ಕಾಲಿನ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಕುಕ್ಕರ್ ಇನ್ನೊಮ್ಮೆ ಕೂಗಿತು. ರಘುರಾಮರು ಅವರನ್ನೂ ಅಡುಗೆಮನೆಯನ್ನೂ ನೋಡಿ, ಕೊನೆಗೆ ಒಳಗೆ ಓಡಿದರು. ಏನೋ ಬಿದ್ದ ಸದ್ದು, ಇಕ್ಕಳ ಹುಡುಕುವ ಸದ್ದು. ಬೇಳೆ ತಳ ಹಿಡಿದ ವಾಸನೆ ಹಿಂದಿನ ಕೋಣೆಯವರೆಗೂ ಬಂತು.

ಗಿರಿಜಾ ಎದ್ದು ಹೋಗಲಿಲ್ಲ. ಬಟ್ಟಲಿನಲ್ಲಿ ಉಳಿದ ಗಂಜಿಯನ್ನು ನಿಧಾನವಾಗಿ ಕುಡಿದು ಮುಗಿಸಿದರು.